ಎಂಟು ಕತ್ತಿಯ ಎಲೆ

ನಾನು ನಿಂತಿದ್ದದ್ದು ವಳಸಂಗದ ಹೊರಗಿನ ನಮ್ಮ ಹೊಲದ ಮನೆಯಲ್ಲಿ, ದನದ ಕೊಟ್ಟಿಗೆಯ ಬಾಗಿಲಿನಲ್ಲಿ. ಎಡಗೈ ಚೌಕಟ್ಟಿನ ಮೇಲಿತ್ತು, ಬಲಗೈ ಕೋಟಿನ ಕಿಸೆಯಲ್ಲಿತ್ತು. ಇಪ್ಪತ್ತೆಂಟನೆಯ ಇಸವಿ, ಹೋಳಿ ಹುಣ್ಣಿಮೆಗೆ ಆರು ದಿನ ಬಾಕಿ, ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ. ಗಡಿಯಾರವನ್ನು ಹಿಂದಿನ ದಿನವಷ್ಟೇ ಸೋಲಾಪುರ ಸ್ಟೇಷನ್ನಿನ ಗಡಿಯಾರಕ್ಕೆ ಹೊಂದಿಸಿದ್ದೆ. ನಾನು ನಿಂತ ಜಾಗದಿಂದ ಕೊಟ್ಟಿಗೆಯ ನಡುಗಂಬಕ್ಕೆ ಐದು ಹೆಜ್ಜೆ. ಇದನ್ನು ಆಮೇಲೆ ಮೂರು ಸಲ ಅಳೆದು ನೋಡಿದ್ದೇನೆ. ಆ ಕಂಬಕ್ಕೆ ನನ್ನ ತಂಗಿ ನೀಲವ್ವನನ್ನು ಕಟ್ಟಲಾಗಿತ್ತು. ಕಟ್ಟಿದವನು ನಾನು.

ಇಂಥದ್ದನ್ನು ಬರೆಯುವವನನ್ನು ಓದುವವರು ಹೇಗೆ ನೋಡುತ್ತಾರೆಂದು ನನಗೆ ಗೊತ್ತು, ಏಕೆಂದರೆ ನಾನೂ ಹಾಗೆಯೇ ನೋಡುತ್ತಿದ್ದೆ. ನನ್ನದು ರೈಲ್ವೆಯಲ್ಲಿ ತಾರು ಕಳಿಸುವ ಕೆಲಸ. ಬಂದ ಗಾಡಿಯ ಹೊತ್ತು, ಹೋದ ಗಾಡಿಯ ಹೊತ್ತು ಬರೆದಿಡಬೇಕು. ಆ ಬರಹದಲ್ಲಿ ತಪ್ಪಾದರೆ ಜನ ಸಾಯುತ್ತಾರೆ. ಯಾರಾದರೂ ದೆವ್ವದ ಮಾತು, ಶಕುನದ ಮಾತು ತೆಗೆದರೆ ನಾನು ಮೂರೇ ಪ್ರಶ್ನೆ ಕೇಳುತ್ತಿದ್ದೆ: ಎಷ್ಟು ಗಂಟೆಗೆ, ಎಷ್ಟು ದೂರದಿಂದ, ಬೇರೆ ಯಾರು ನೋಡಿದರು. ಅಷ್ಟಕ್ಕೆ ಎದುರಿನವರ ಬಾಯಿ ಮುಚ್ಚುತ್ತಿತ್ತು. ಈಗ ಮೊದಲ ಎರಡಕ್ಕೆ ಉತ್ತರ ಕೊಟ್ಟಿದ್ದೇನೆ. ಮೂರನೆಯದನ್ನು ಕೊನೆಯಲ್ಲಿ ಕೊಡುತ್ತೇನೆ.

ನೀಲವ್ವ ನನಗಿಂತ ಆರು ವರ್ಷ ಚಿಕ್ಕವಳು. ಅಕ್ಕಲಕೋಟದ ಹತ್ತಿರದ ಒಂದು ಹಳ್ಳಿಗೆ, ಹೊಲಮನೆ ಚೆನ್ನಾಗಿದ್ದವರಿಗೆ ಕೊಟ್ಟಿದ್ದೆವು. ಅವಳಿಗೆ ಒಬ್ಬನೇ ಮಗ. ಎರಡು ವರ್ಷ ತುಂಬುವಾಗ ಜ್ವರ ಬಂದು ನಾಲ್ಕು ದಿನದಲ್ಲಿ ಹೋದ. ಅವಳು ಅಳಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಮಾತು ನಿಲ್ಲಿಸಿದಳು, ನಡೆಯುವುದಕ್ಕೆ ಶುರು ಮಾಡಿದಳು. ಯಾರೂ ನೋಡದ ಹೊತ್ತು ಕಂಡರೆ ಎದ್ದು ಹೊರಟುಬಿಡುತ್ತಿದ್ದಳು. ಯಾವಾಗಲೂ ರೈಲು ಹಳಿಯ ಕಡೆಗೇ. ಎರಡು ಸಲ ಹಳಿ ರಿಪೇರಿಯ ಆಳುಗಳು ನೋಡಿ ಎಳೆದು ತಂದರು. ಎರಡನೆಯ ಸಲ ಗಂಡನ ಮನೆಯವರು ಗಾಡಿಯಲ್ಲಿ ಕೂರಿಸಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿಸಿದರು. "ಗಾಳಿ ಸೋಕೇದ. ನಿಮ್ಮ ಹುಡುಗೀನ್ನ ನೀವ ನೋಡ್ಕೊರಿ" ಎಂದಷ್ಟೇ ಹೇಳಿದರು, ನೀರು ಸಹ ಕುಡಿಯಲಿಲ್ಲ.

ನಮ್ಮ ಅಣ್ಣ ಮಲ್ಲಪ್ಪನಿಗೆ ಅವಳನ್ನು ಕಟ್ಟುವ ಮನಸ್ಸಿರಲಿಲ್ಲ. "ಮನ್ಯಾಗ ಕಾಶವ್ವ ಅದಾಳ, ಕಣ್ಣಿಡತಾಳ" ಎಂದ. ಕಾಶವ್ವ ಅವನ ಹೆಂಡತಿ, ನನ್ನ ವೈನಿ. ಅವಳು ಕಣ್ಣಿಟ್ಟಳು, ಆದರೂ ಮೂರನೆಯ ಸಲ ನೀಲವ್ವ ನಮ್ಮ ಮನೆಯಿಂದಲೇ ಹೋದಳು. ಅಣ್ಣ ಅರ್ಧ ದಾರಿಯಲ್ಲಿ ಹಿಡಿದು ತಂದ. ಸುದ್ದಿ ಸಿಕ್ಕಿದ ಸಂಜೆಯೇ ನಾನು ಸೋಲಾಪುರದಿಂದ ಬಂದು, ಕಟ್ಟಲೇಬೇಕು ಎಂದು ಹಟ ಹಿಡಿದೆ. ಓದುಗರು ನನ್ನನ್ನು ಕಟುಕನೆಂದುಕೊಳ್ಳುವ ಮೊದಲು ಇದನ್ನೂ ತಿಳಿಯಲಿ. ಹಳಿಯ ಮೇಲೆ ಯಾರಾದರೂ ಸತ್ತರೆ ವರದಿ ಬರೆಯಲು ಹೋಗುವವರಲ್ಲಿ ನಾನೂ ಒಬ್ಬ. ಆ ಕೆಲಸಕ್ಕೆ ಗೋಣಿಚೀಲ ತೆಗೆದುಕೊಂಡು ಹೋಗುತ್ತಾರೆ. ಅದಕ್ಕಿಂತ ಹೆಚ್ಚು ಬರೆಯುವುದು ಬೇಡ. ನನ್ನ ತಂಗಿಯನ್ನು ಗೋಣಿಚೀಲದಲ್ಲಿ ನೋಡಲಾರೆ ಎಂದು ಅಣ್ಣನಿಗೆ ಹೇಳಿದೆ. ಅವನು "ನನ್ನ ಕೈಲಿಂದ ಆಗೂದಿಲ್ಲಪಾ. ನೀ ಮಾಡು" ಎಂದ.

ನಮ್ಮ ಕಡೆ ಹಗ್ಗವನ್ನು ಪುಂಡಿಯ ನಾರಿನಿಂದ ಹೊಸೆಯುತ್ತಾರೆ. ಕಣ್ಣಿ ತಪ್ಪಿಸಿಕೊಳ್ಳುವ ಎತ್ತು ಇದ್ದರೆ ಅದಕ್ಕೆ ಒಂದು ಉಪಾಯ: ಗಂಟು ಹಾಕಿ ಅದರ ಮೇಲೆ ನೀರು ಸುರಿಯುವುದು. ಪುಂಡಿ ನೀರು ಕುಡಿದು ಬಿಗಿಯುತ್ತದೆ, ಗಂಟು ಕಲ್ಲಾಗುತ್ತದೆ. ದಿನಾ ಬೆಳಗ್ಗೆ ಒಂದು ತಂಬಿಗೆ ನೀರು ಹಾಕಿದರೆ ತಿಂಗಳಾದರೂ ಸಡಿಲಾಗುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪನಿಂದ ಕಲಿತದ್ದು. ನಾನು ನನ್ನ ತಂಗಿಗೆ ಇದನ್ನೇ ಮಾಡಿದೆ. ಎರಡು ಮಣಿಕಟ್ಟಿಗೆ ಎರಡು ಕುಣಿಕೆ, ನಡುವೆ ಒಂದು ಗೇಣು ಹಗ್ಗ, ಅಲ್ಲಿಂದ ಕಂಬಕ್ಕೆ ಒಂದು ಉದ್ದನೆಯ ಎಳೆ. ಕಾಲು ಕಟ್ಟಲಿಲ್ಲ. ಹೊರಗೆ ಕರೆದುಕೊಂಡು ಹೋಗಬೇಕಾದಾಗ ಕಾಶವ್ವ ಕಂಬದ ಕಡೆಯ ತುದಿಯನ್ನು ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದಳು. ಕೈಯ ಗಂಟುಗಳನ್ನು ಬಿಚ್ಚಲಾಗುತ್ತಿರಲಿಲ್ಲ, ಬಿಚ್ಚಲೂ ಇಲ್ಲ. ಕಾಶವ್ವ ತುತ್ತು ಮಾಡಿ ಉಣಿಸುತ್ತಿದ್ದಳು. ರವಿಕೆ ಬದಲಿಸುವಾಗ ಹಳೆಯದರ ತೋಳು ಕತ್ತರಿಸಿ ತೆಗೆದು, ಹೊಸದರ ಹೊಲಿಗೆ ಬಿಚ್ಚಿ ಮೈಮೇಲೆಯೇ ಮತ್ತೆ ಹೊಲಿದಳು. ಹೀಗೆ ಇಪ್ಪತ್ತಮೂರು ದಿನ.

ಹಸಿ ಹಗ್ಗದ ಕೆಳಗೆ ಚರ್ಮ ಕೊಳೆಯಲು ಶುರುವಾಯಿತು. ಸಂಜೆ ಬೇವಿನೆಣ್ಣೆ ಹಚ್ಚುತ್ತಿದ್ದರು, ಬೆಳಗ್ಗೆ ನೀರು ಹಾಕುತ್ತಿದ್ದರು. ನಾನು ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದೆ. ಇದು ಬಹಳ ದಿನ ನಡೆಯದೆಂದು ಕಂಡಾಗ ಅಕ್ಕಲಕೋಟಕ್ಕೆ ಹೋಗಿ ವಿಚಾರಿಸಿದೆ. ಅಲ್ಲಿ ಊರ ಹೊರಗೆ ಒಬ್ಬ ಇಂಥವರನ್ನು ಇಟ್ಟುಕೊಳ್ಳುತ್ತಿದ್ದ. ಉದ್ದನೆಯ ತಗಡಿನ ಸಾಲು, ನೆಲದಲ್ಲಿ ಹೂತ ಕಲ್ಲುಗಳು, ಕಲ್ಲಿಗೆ ಉಂಗುರ, ಉಂಗುರದಿಂದ ಕಾಲಿಗೆ ಸರಪಳಿ. ಹನ್ನೊಂದು ಜನ ಇದ್ದರು. ಅವರಲ್ಲಿ ಒಬ್ಬಳು ಮುದುಕಿ ಸರಪಳಿ ಎಟಕುವಷ್ಟು ದೂರ ಅತ್ತಿಂದಿತ್ತ ನಡೆದು ನಡೆದು, ಮಣ್ಣಿನ ನೆಲದಲ್ಲಿ ಒಂದು ಅರ್ಧಚಂದ್ರ ಸವೆದಿತ್ತು. ನನ್ನ ಪಾದ ಮುಳುಗುವಷ್ಟು ಆಳ. ಅದನ್ನು ಕಣ್ಣಾರೆ ನೋಡಿಯೂ, ಇಲ್ಲಿ ರೈಲು ದೂರವಿದೆ ಎಂದು ಲೆಕ್ಕ ಹಾಕಿ, ಕರೆತರುತ್ತೇನೆಂದು ಮಾತು ಕೊಟ್ಟು ಬಂದೆ.

ಇನ್ನು ಎಲೆಯ ವಿಷಯ. ಸೋಲಾಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ತೀರಿಕೊಂಡ ಗಾರ್ಡೊಬ್ಬನ ಹೆಂಡತಿ ಇದ್ದಳು. ಅರ್ಧ ಬಿಳಿಯರ ಜಾತಿ. ಗಂಡನ ಜೊತೆ ಎಲ್ಲ ಸ್ಟೇಷನ್ನುಗಳಲ್ಲಿ ಬಾಳಿ ಹಿಂದೂಸ್ತಾನಿ, ಮರಾಠಿ, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಿದ್ದಳು. ಎಲ್ಲರೂ ಗಾರ್ಡ್‌ಬಾಯಿ ಎನ್ನುತ್ತಿದ್ದರು. ಅವಳ ಹತ್ತಿರ ಚಿತ್ರದ ಎಲೆಗಳ ಒಂದು ಕಟ್ಟು ಇತ್ತು. ಇಸ್ಪೀಟಿನ ಎಲೆಗಿಂತ ಉದ್ದ, ಎಪ್ಪತ್ತೆಂಟು ಎಲೆ; ಎಲೆಗೆ ಅವಳು ಪತ್ತಾ ಎನ್ನುತ್ತಿದ್ದಳು. ಅವನ್ನು ಕಲಸಿ ಒಂದನ್ನು ಎಳೆಯಲು ಹೇಳಿ ಅದರ ಅರ್ಥ ಹೇಳುತ್ತಿದ್ದಳು. ನನ್ನ ಜೊತೆ ಕೆಲಸ ಮಾಡುವ ಗೋವಿಂದರಾವ್ ತನ್ನ ವರ್ಗಾವಣೆಯ ಬಗ್ಗೆ ಕೇಳಲು ಹೊರಟಿದ್ದ, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದ. ನಾನು ರಜೆ ಪಡೆದು ಊರಿಗೆ ಹೊರಡುವ ಹಿಂದಿನ ಸಂಜೆ ಅದು.

"ಬೈಠೋ ತಾರ್‌ಬಾಬೂ. ನಿಂದು ಮಾರಿ ಯಾಕ ಹೀಂಗ, ಲೇಟ್ ಆದ ಮಾಲ್‌ಗಾಡಿ ಹಾಂಗ?" ಎಂದಳು.

"ಇವರಿಗೆ ನಂಬಿಕಿ ಇಲ್ರಿ ಬಾಯಿ" ಎಂದ ಗೋವಿಂದರಾವ್. "ತಾರಿನ ಮ್ಯಾಲ ಬಂದ್ರ ಅಷ್ಟ ನಂಬ್ತಾರ. ದೇವರು ಎದರಿಗೆ ಬಂದ್ರೂ ಎಷ್ಟು ಗಂಟೇಕ ಬಂದಿ ಅಂತ ಬರಕೋತಾರ."

"ನಂಬಬ್ಯಾಡ. ಪತ್ತಾಕ್ಕ ಏನು ಫರಕ್ ಬೀಳ್ತದ? ಎಳಿ ಒಂದು."

ಎಳೆದೆ. ಕೆಂಪು ನಿಲುವಂಗಿಯ ಒಬ್ಬ ಹೆಂಗಸು ನಿಂತಿದ್ದಳು. ಕಣ್ಣಿಗೆ ಬಟ್ಟೆ ಕಟ್ಟಿತ್ತು. ಕೈಗಳು ಹಿಂದಕ್ಕೆ, ತೋಳಿನ ಸುತ್ತ ಬಿಗಿದ ಪಟ್ಟಿ. ಅವಳ ಸುತ್ತ ನೆಲಕ್ಕೆ ನೆಟ್ಟ ಕತ್ತಿಗಳು, ಎಣಿಸಿದೆ, ಎಂಟು. ಕಾಲ ಬಳಿ ಕೆಸರು ನೀರು, ದೂರದ ಗುಡ್ಡದ ಮೇಲೆ ಕೋಟೆಯಂಥ ಮನೆ.

"ಎಲ್ಲಾರೂ ಇದಕ್ಕ ಜೇಲಿನ ಪತ್ತಾ ಅಂತಾರ" ಎಂದಳು ಗಾರ್ಡ್‌ಬಾಯಿ. "ಕಾಲು ನೋಡು. ಕಾಲಿಗೆ ಹಗ್ಗ ಅದ ಏನು? ಮುಂದ ಕತ್ತಿ ಅದ ಏನು? ಇಲ್ಲ. ನಡದ್ರ ಹೋಗ್ತಾಳ. ಇದು ಬಿಡುಗಡೀ ಪತ್ತಾ, ಬಾಬೂ."

"ಹಂಗಾದ್ರ ಯಾಕ ಹೋಗವಲ್ಲಳು?" ಎಂದು ನಾನು ಕೇಳಿದೆ. ಹಾಸ್ಯಕ್ಕೆಂದು ಕೇಳಿದೆ, ಆದರೆ ದನಿ ಹಾಗೆ ಬರಲಿಲ್ಲ.

"ಕಣ್ಣು ಕಟ್ಯಾರಲ್ಲ. ಈಗ ಹುಡುಕು, ಇಕಿನ್ನ ಕಟ್ಟಿದಾಂವ ಎಲ್ಲಿ ಅದಾನ?"

ಚಿತ್ರವನ್ನೆಲ್ಲ ಹುಡುಕಿದೆ. ಬೇರೆ ಮನುಷ್ಯನೇ ಇರಲಿಲ್ಲ. ಯಾರೂ ಇಲ್ಲ ಎಂದೆ.

"ಬರೋಬರ್. ಪತ್ತಾದಾಗ ಇಲ್ಲ. ಪತ್ತಾ ಹಿಡಕೊಂಡು ನಿಂತಾನ."

ಗೋವಿಂದರಾವ್ ನಕ್ಕ, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ. ಹೊರಡುವಾಗ ಅವಳು ಆ ಎಲೆಯನ್ನು ನನ್ನ ಕಿಸೆಗೆ ತುರುಕಿದಳು. "ಇದು ನಿನ್ನ ಹತ್ರ ಇರಲಿ. ಕೆಲಸ ಆದ ಮ್ಯಾಲ ತಂದು ಕೊಡು. ಒಂದು ಪತ್ತಾ ಕಮ್ಮಿ ಆದ್ರ ಬಾಕಿ ಎಲ್ಲಾ ಸುಳ್ಳು ಹೇಳ್ತಾವ."

ಇದರಲ್ಲಿ ವಿಚಿತ್ರವೇನೂ ಇಲ್ಲವೆಂದು ಅಂದೂ ನನಗೆ ನಾನೇ ಹೇಳಿಕೊಂಡೆ, ಇಂದೂ ಹೇಳುತ್ತೇನೆ. ಗೋವಿಂದರಾವ್‌ಗೆ ನಾನು ಮನೆಯ ಸಂಗತಿ ಹೇಳಿರಲಿಲ್ಲ, ನಿಜ. ಆದರೆ ಹಳಿಯ ಆಳುಗಳಿಗೆ ಗೊತ್ತಿತ್ತು, ಆಳುಗಳಿಗೆ ಗೊತ್ತಾದದ್ದು ಕ್ವಾರ್ಟರ್ಸಿಗೆ ಬರಲು ಎರಡು ದಿನ ಸಾಕು. ಎಲೆ ಕಲಸುವವರು ತಮಗೆ ಬೇಕಾದದ್ದನ್ನು ಮೇಲೆ ತರಬಲ್ಲರು. ಅದನ್ನು ನಾನು ಸಾಕ್ಷಿಗೆ ಹಿಡಿಯುವುದಿಲ್ಲ.

ಮರುದಿನ ಸಂಜೆ ಊರು ಮುಟ್ಟಿದೆ. ಮುಳುಗುವ ಹೊತ್ತಿನ ಬೆಳಕು ಕೊಟ್ಟಿಗೆಯ ಒಳಗೆ ಇನ್ನೂ ಇತ್ತು. ನೀಲವ್ವ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದಳು. ಅವಳ ಹಿಂದಿನ ಗೋಡೆಗೆ ಕುಂಟೆಯ ಕಬ್ಬಿಣದ ಕುಡಗಳನ್ನು, ಉದ್ದನೆಯ ಅಲಗುಗಳನ್ನು, ಒರಗಿಸಿ ನಿಲ್ಲಿಸಿದ್ದರು. ಎಂಟು ಇರಬಹುದೆಂದು ಹೆದರಿ ಎಣಿಸಿದೆ. ಆರೇ ಇದ್ದವು. ಕೂಡಿಸಿ ಹೊಂದಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು, ಅದಕ್ಕೆ ಇದನ್ನು ಬರೆದೆ.

ಯಾಕೆ ತೋರಿಸಿದೆನೋ ತಿಳಿಯದು, ಕಿಸೆಯಿಂದ ಎಲೆ ತೆಗೆದು ಅವಳ ಮುಖದ ಮುಂದೆ ಹಿಡಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, ತಿಂಗಳ ಮೇಲಾಗಿ ಮಾತಿಲ್ಲದ ಬಾಯಿಂದ, ಒಣಗಿದ ಗಂಟಲಲ್ಲಿ ಹೇಳಿದಳು: "ಕಾಲು ಬಿಟ್ಟಾರಲ್ಲ, ಅಣ್ಣಾ."

ನಾನು ಎಲೆಯನ್ನು ಇನ್ನೂ ಹತ್ತಿರ ಹಿಡಿದೆ.

"ಯಾರು ಕಟ್ಯಾರ ಇಕಿನ್ನ?" ಎಂದು ಕೇಳಿದಳು.

ಎಲೆಯನ್ನು ಕಿಸೆಗಿಟ್ಟು ಹೊರಗೆ ಬಂದೆ. ಬಾಗಿಲಲ್ಲಿ ರೊಟ್ಟಿಯ ತಾಟು ಹಿಡಿದು ನಿಂತಿದ್ದ ಕಾಶವ್ವ ಎಲ್ಲ ಕೇಳಿಸಿಕೊಂಡಿದ್ದಳು. "ಮಾತಾಡಿದ್ಳು, ಭಾವುಜೀ! ನಿಮ್ಮ ಕೂಡ ಮಾತಾಡಿದ್ಳು! ಇನ್ನರೆ ಬಿಚ್ಚರಿ" ಎಂದು ಸೆರಗು ಕಣ್ಣಿಗೆ ಹಚ್ಚಿದಳು.

"ಎರಡು ಮಾತಾಡಿದ್ರ ಆರಾಮಾದ್ಳು ಅಂತ ತಿಳಿಬ್ಯಾಡ್ರಿ ವೈನಿ. ಅಕ್ಕಲಕೋಟಕ್ಕ ಹೇಳಿ ಕಳಿಸೇನಿ. ನಾಳೆ ಹೋಗೂದ."

"ಯಾವ ಹಗ್ಗಾ ಕಟ್ಟಿರೋ ಮಾರಾಯ್ರ, ನಿಮ್ಮ ಎದಿಗೂ ಅದನ್ನ ಕಟ್ಟೀರಿ" ಎಂದು ಬೈದು ಒಳಗೆ ಹೋದಳು. ಮರುದಿನ ಬೆಳಗ್ಗೆ ಅಣ್ಣ ಜೋಳದ ರಾಶಿ ಮಾಡಲು ಕಣಕ್ಕೆ ಹೋಗಿಬಿಟ್ಟ. ಬಿಸಿಲು ಇಳಿಯುವ ಹೊತ್ತಿಗೆ, ಮೂರು ಗಂಟೆಗೆ, ಗಾಡಿ ಹೂಡಿಕೊಂಡು ಬರುವುದೆಂದು ಮಾತಾಗಿತ್ತು. ಕಾಶವ್ವ ಹತ್ತು ಗಂಟೆಗೆ ಗಂಟುಗಳ ಮೇಲೆ ನೀರು ಹಾಕಿದಳು. ನಾನೇ ನೋಡಿದೆ. ಒಲ್ಲದ ಮನಸ್ಸಿನಿಂದ ಹಾಕಿದಳು, ಆದರೆ ತಂಬಿಗೆ ಬರಿದಾಗುವವರೆಗೆ ಹಾಕಿದಳು.

ಹೀಗೆ ಒಂದು ಗಂಟೆ ಐದು ನಿಮಿಷಕ್ಕೆ ನಾನು ಬಾಗಿಲಲ್ಲಿ ನಿಂತಿದ್ದೆ. ಕಾಶವ್ವ ನನ್ನ ಬೆನ್ನ ಹಿಂದೆ ಅಂಗಳದಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ಮೊರದಿಂದ ಜೋಳ ಕೇರುತ್ತಿದ್ದಳು. ಬೇವಿನ ಮರದ ನೆರಳಲ್ಲಿ ಕುರುಬರ ಬೀರಣ್ಣ ಕುಳಿತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದ. ಹುಲಜಂತಿಯ ಕಡೆಯ ಮುದುಕ, ಬೀರೋಬ ದೇವರ ಭಕ್ತ. ಕೊಯ್ಲು ಮುಗಿದ ಮೇಲೆ ಪ್ರತಿ ವರ್ಷ ನಮ್ಮ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಲು ಬರುತ್ತಿದ್ದ. ಬೇರೆ ಯಾರೂ ಇರಲಿಲ್ಲ.

ನಾನು ಕೋಟಿನ ಕಿಸೆಯಲ್ಲಿ ಎಲೆಯ ಅಂಚನ್ನು ಬೆರಳಲ್ಲಿ ಸವರುತ್ತಾ ನೀಲವ್ವನನ್ನು ನೋಡುತ್ತಿದ್ದೆ. ಆಗ ನನ್ನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ನಾನು ಕಣ್ಣು ಮಿಟುಕಿಸಿರಬಹುದು. ತಲೆ ತಿರುಗಿಸಿಲ್ಲ.

ನೀಲವ್ವ ಎದ್ದು ನಿಂತಳು. ಮಂಡಿಯ ಮೇಲಿನ ಹುಲ್ಲು ಕೊಡವಿಕೊಂಡಳು, ಎರಡು ಕೈಯಿಂದಲೂ; ಕೈಯಲ್ಲಿ ಹಗ್ಗವಿರಲಿಲ್ಲ. ಐದು ಹೆಜ್ಜೆ ನಡೆದು ಬಂದು ನನ್ನ ಪಕ್ಕದಿಂದ ಹೊರಗೆ ಹೋದಳು. ಅವಳ ಸೆರಗು ನನ್ನ ಎಡ ಮೊಳಕೈಗೆ ತಾಗಿತು. ಬೇವಿನೆಣ್ಣೆಯ ವಾಸನೆ ಬಂತು. ನನಗೆ ಕೂಗಲಾಗಲಿಲ್ಲ, ಕೈ ಚಾಚಲಾಗಲಿಲ್ಲ. ಎಷ್ಟು ಹೊತ್ತೆಂದು ಖಚಿತವಾಗಿ ಹೇಳಲಾರೆ. ಹತ್ತು ಉಸಿರು ಇರಬೇಕು.

ಕಾಶವ್ವನ ಮೊರ ಬಿದ್ದ ಸದ್ದು ಕೇಳಿತು. "ಅಯ್ಯಯ್ಯ, ಹೊಂಟಾಳ! ಭಾವುಜೀ, ಕಂಬ ನಿಂತಂಗ ನಿಂತೀರಲ್ಲ! ಓಡ್ರಿ!"

ಆಗ ನನ್ನ ಕಾಲು ಎದ್ದವು. ನೀಲವ್ವ ಅಷ್ಟರಲ್ಲಿ ಹೊಲದ ಬದು ದಾಟಿದ್ದಳು. ಓಡುತ್ತಿರಲಿಲ್ಲ, ಸುಮ್ಮನೆ ನಡೆಯುತ್ತಿದ್ದಳು, ಆದರೂ ನಮ್ಮಿಬ್ಬರ ಓಟಕ್ಕೆ ಸಿಗಲಿಲ್ಲ. ಜೋಳದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಹಳಿ ಅಲ್ಲಿಂದ ಒಂದೂವರೆ ಮೈಲಿ. ಹೋಟಗಿ ಸ್ಟೇಷನ್ ಬಿಟ್ಟ ಪ್ಯಾಸೆಂಜರ್ ಗಾಡಿ ಎಷ್ಟು ಗಂಟೆಗೆ ಅಲ್ಲಿ ಬರುತ್ತದೆಂದು ಈ ಪ್ರಾಂತದಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಓಡುತ್ತಲೇ ಲೆಕ್ಕ ಹಾಕಿದೆ. ಅವಳು ಮುಟ್ಟುವುದು, ಅದು ಬರುವುದು ಒಂದೇ ಹೊತ್ತು.

ನಾವು ಇನ್ನೂ ಇನ್ನೂರು ಹೆಜ್ಜೆ ಹಿಂದಿರುವಾಗ ಸೀಟಿ ಕೇಳಿತು. ನೀಲವ್ವ ಹಳಿಯ ದಿಬ್ಬದ ಕೆಳಗೆ ನಿಂತಳು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಮುಚ್ಚಲಿಲ್ಲ. ಅವಳು ಹಳಿಯಿಂದ ಹತ್ತು ಮೊಳ ಈಚೆಗೆ, ನಾವು ಸಣ್ಣವರಿದ್ದಾಗ ರೈಲು ನೋಡಲು ನಿಲ್ಲುತ್ತಿದ್ದಷ್ಟೇ ದೂರದಲ್ಲಿ ನಿಂತು, ಬಲಗೈ ಮಡಿಚಿ ಸೊಂಟದ ಮೇಲೆ ಇಟ್ಟುಕೊಂಡಳು. ಹೆಂಗಸರು ಕೂಸನ್ನು ಎತ್ತಿಕೊಳ್ಳುವ ಹಾಗೆ. ಎಡಗೈಯಿಂದ ಡಬ್ಬಿಗಳನ್ನು ಒಂದೊಂದಾಗಿ ತೋರಿಸಿದಳು. ಕೊನೆಯ ಡಬ್ಬಿ ಹೋಗುವವರೆಗೂ ತೋರಿಸಿದಳು. ಆಮೇಲೆ ಮಡಿಚಿದ ಕೈ ನಿಧಾನವಾಗಿ ಕೆಳಗೆ ಬಂತು.

ನಾನು ಹತ್ತಿರ ಹೋಗುವಷ್ಟರಲ್ಲಿ ಅವಳೇ ತಿರುಗಿದಳು. "ನಡಿ ಅಣ್ಣಾ. ಹಸಿವಾಗ್ಯಾದ" ಎಂದಳು.

ಮಗನಿಗೆ ರೈಲು ತೋರಿಸುವುದು ಅವಳ ನಿತ್ಯದ ಕೆಲಸವಾಗಿತ್ತಂತೆ. ಗಂಡನ ಮನೆಯವರಿಗೆ ಗೊತ್ತಿತ್ತು, ಆದರೆ ನಮಗೆ ಯಾರೂ ಹೇಳಲಿಲ್ಲ, ನಾವು ಯಾರನ್ನೂ ಕೇಳಲಿಲ್ಲ. ಅವಳು ಪ್ರತಿ ಸಲ ಹೋದದ್ದು ಇದಕ್ಕೇ ಇರಬಹುದು, ಸಾಯುವುದಕ್ಕಲ್ಲ. ಇರಬಹುದು ಎಂದಷ್ಟೇ ಬರೆಯುತ್ತೇನೆ. ಆಳುಗಳು ಎಳೆದು ತಂದ ಆ ಎರಡು ದಿನ ಅವಳು ಎಷ್ಟು ಮೊಳ ದೂರದಲ್ಲಿ ನಿಂತಿದ್ದಳೆಂದು ನಾನು ನೋಡಿಲ್ಲ.

ಮನೆಗೆ ಬಂದಾಗ ಬೀರಣ್ಣ ಕೊಟ್ಟಿಗೆಯ ಬಾಗಿಲಲ್ಲಿ ಅಡ್ಡ ಕುಳಿತಿದ್ದ. "ಯಾರನ್ನೂ ಒಳಗ ಬಿಟ್ಟಿಲ್ರೀ ಬಾಬುಗೋಳ. ನಾನೂ ಮುಟ್ಟಿಲ್ಲ. ನೀವ ಬಂದು ನೋಡ್ರಿ" ಎಂದ.

ಹಗ್ಗ ಕಂಬದ ಬುಡದಲ್ಲಿತ್ತು. ಕಂಬದ ಕಡೆಯ ತುದಿ ಕಟ್ಟಿದ ಹಾಗೆಯೇ ಇತ್ತು. ಈ ತುದಿಯಲ್ಲಿ ಎರಡು ಕುಣಿಕೆ, ಎರಡೂ ಮುಚ್ಚಿದ್ದವು, ಇನ್ನೂ ಹಸಿಯಾಗಿದ್ದವು. ಒಂದರಲ್ಲಿ ನನ್ನ ಬೆರಳು ತೂರಿಸಿ ನೋಡಿದೆ: ಮೂರು ಬೆರಳು ಹೋದವು, ನಾಲ್ಕನೆಯದು ಹೋಗಲಿಲ್ಲ. ಉಗುರಿನಿಂದ ಗಂಟು ಬಿಡಿಸಲು ನೋಡಿದೆ, ಹೆಬ್ಬೆರಳ ಉಗುರು ಮುರಿಯಿತು. ನಾನು ಎಡಚ, ನನ್ನ ಗಂಟು ಎಲ್ಲರ ಗಂಟಿಗಿಂತ ಉಲ್ಟಾ ಸುತ್ತುತ್ತದೆ. ಇವು ಉಲ್ಟಾ ಸುತ್ತಿದ್ದವು. ಇಪ್ಪತ್ತಮೂರು ದಿನದ ಮಣ್ಣು, ಕೀವು, ಒಣಗಿದ ರಕ್ತ ಗಂಟಿನ ಸಂದಿಯಲ್ಲಿ ತುಂಬಿ ಒಂದೇ ಪದರವಾಗಿತ್ತು, ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದರೆ ಅದು ಹಾಗೆ ಉಳಿಯುವುದಿಲ್ಲ. ಬೇವಿನೆಣ್ಣೆಯಿಂದ ಜಾರಿರಬಹುದೆಂದು ಯಾರಾದರೂ ಹೇಳಿದರೆ, ಅವಳ ಮಣಿಕಟ್ಟು ನೋಡಿ ಎನ್ನುತ್ತೇನೆ. ಹುಣ್ಣು ಇದ್ದ ಹಾಗೆಯೇ ಇತ್ತು, ಅಂಗೈಯ ಮೇಲೆ, ಬೆರಳ ಗೆಣ್ಣಿನ ಮೇಲೆ ಒಂದು ಗೀರು ಸಹ ಇರಲಿಲ್ಲ.

ಅಣ್ಣ ಮೂರು ಗಂಟೆಗೆ ಗಾಡಿ ತಂದ. ನೀಲವ್ವ ಅಡಿಗೆಯ ಮನೆಯ ಹೊಸ್ತಿಲಲ್ಲಿ ತನ್ನ ಕೈಯಿಂದಲೇ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಅವನು ನೋಡಿ ನೊಗದಿಂದ ಎತ್ತು ಬಿಚ್ಚಿದ. ಆಮೇಲೆ ಗಾಡಿಯ ಗಾಲಿಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಜಗತ್ತಿನಲ್ಲಿ ನನಗೆ ತಿಳಿಯದ ಯಾವುದೋ ಕೈಚಳಕ ಇರಬಹುದೆಂದು ಸುಮ್ಮನಾಗುತ್ತಿದ್ದೆ. ಎರಡು ತಿಂಗಳ ನಂತರ, ಯುಗಾದಿ ಕಳೆದ ಮೇಲೆ, ಊರಿಗೆ ಹೋಗಿದ್ದೆ. ನೀಲವ್ವ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು. ಮೈ ತುಂಬಿಕೊಂಡಿದ್ದಳು. ಮಾತಿಗೆ ಮಾತು ಬಂದು ಕೇಳಿಬಿಟ್ಟೆ: "ಖರೆ ಹೇಳು. ಆವತ್ತು ಹೆಂಗ ಬಿಡಿಸ್ಕೊಂಡಿ?"

ಅವಳು ಬೀಸುವುದನ್ನು ನಿಲ್ಲಿಸಿ ನಕ್ಕಳು. "ಚ್ಯಾಷ್ಟಿ ಮಾಡ್ತಿ ಏನಣ್ಣಾ? ನೀನ ಬಂದು ಬಿಚ್ಚಿದಿ."

"ನಾ ಬಾಗಲಾಗ ನಿಂತಿದ್ದೆ."

"ನಿಂತಿದ್ದಿ. ಆಮ್ಯಾಲ ಒಳಗ ಬಂದಿ. ನನ್ನ ಮುಂದ ಮಂಡಿ ಊರಿ ಕುಂತಿ. ಉಗುರಿಲೆ ಬರಲಿಲ್ಲ ಅಂತ ಹಲ್ಲಿಲೆ ಹಿಡದು ಎಳದಿ. ಎಳಕೋತ ಅತ್ತಿ. ನಾ ಕಟ್ಟಬಾರದಿತ್ತವ್ವಾ, ತಪ್ಪಾತು, ನಾ ಏನು ತಿಳದು ಕಟ್ಟಿದೆ ಅಂದಿ. ನಾನ ನಿನ್ನ ತಲಿ ಮ್ಯಾಲ ಕೈ ಇಟ್ಟೆನಲ್ಲ, ಅದೂ ಮರತಿ?"

ನಾನು ಅಲ್ಲಿಂದ ಎದ್ದು ಹೊರಗೆ ಬಂದೆ. ಈಗ ಅಂದು ನನ್ನ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಜಾಗ ಬಂದಿದೆ. ಬಾಗಿಲಲ್ಲಿ ನಿಂತು ನಾನು ಯೋಚಿಸುತ್ತಿದ್ದದ್ದು ಇದು: ಒಳಗೆ ಹೋಗಬೇಕು, ಅವಳ ಮುಂದೆ ಮಂಡಿಯೂರಬೇಕು, ಈ ಗಂಟು ಉಗುರಿಗೆ ಬರುವುದಿಲ್ಲ, ಹಲ್ಲಿನಿಂದ ಕಚ್ಚಿ ಎಳೆಯಬೇಕು, ತಪ್ಪಾಯಿತು ತಾಯಿ ಎನ್ನಬೇಕು. ಇದನ್ನು ಯೋಚಿಸಿದೆ, ಮಾಡಲಿಲ್ಲ. ಗೋಣಿಚೀಲ ಕಣ್ಣ ಮುಂದೆ ಬಂತು, ಕಾಲು ಏಳಲಿಲ್ಲ. ಈ ಯೋಚನೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಧೈರ್ಯದ ಕೆಲಸವಾಗಿರಲಿಲ್ಲ ಅದು.

ಎಲೆಯನ್ನು ಹಿಂದಿರುಗಿಸಲು ಗಾರ್ಡ್‌ಬಾಯಿಯ ಮನೆಗೆ ಹೋದೆ. ಸುಣ್ಣ ಹೊಡೆದು ಬೇರೆ ಸಂಸಾರಕ್ಕೆ ಕೊಟ್ಟಿದ್ದರು. ಮಗಳ ಮನೆಗೆ, ಮದರಾಸಿನ ಕಡೆ ಹೋದಳೆಂದರು; ವಿಳಾಸ ಯಾರ ಹತ್ತಿರವೂ ಇರಲಿಲ್ಲ. ಎಲೆ ನನ್ನ ಹತ್ತಿರವೇ ಇದೆ. ಅದರಲ್ಲಿ ಏನೂ ಬದಲಾಗಿಲ್ಲ. ಕಣ್ಣು ಕಟ್ಟಿದ ಹೆಂಗಸು ಅಲ್ಲಿಯೇ ನಿಂತಿದ್ದಾಳೆ, ಕತ್ತಿಗಳು ಎಂಟೇ. ಹಗ್ಗವೂ ಇದೆ, ಗಂಟು ಬಿಚ್ಚದೆ ಇಟ್ಟಿದ್ದೇನೆ. ಒಣಗಿದ ಮೇಲೂ ಕುಣಿಕೆಯಲ್ಲಿ ನಾಲ್ಕನೆಯ ಬೆರಳು ಹೋಗುವುದಿಲ್ಲ. ಎಂಟು ವರ್ಷದಲ್ಲಿ ಇವೆರಡನ್ನೂ ಎದುರಿಗಿಟ್ಟುಕೊಂಡು ಎಷ್ಟು ಸಲ ಕುಳಿತೆನೋ ಲೆಕ್ಕವಿಲ್ಲ. ನನಗೆ ಅರ್ಥವಾಗಿಲ್ಲ. ಬಿಡುಗಡೆ ಯಾರದೆಂದು ಗಾರ್ಡ್‌ಬಾಯಿಯನ್ನು ಕೇಳಬೇಕಿತ್ತು, ಕೇಳಲಿಲ್ಲ.

ಇನ್ನು ಮೂರನೆಯ ಪ್ರಶ್ನೆ, ಬೇರೆ ಯಾರು ನೋಡಿದರು. ಬೀರಣ್ಣ ಮರುವರ್ಷವೇ ತೀರಿಕೊಂಡ. ಉಳಿದವರು ಇಬ್ಬರು. ನಮ್ಮ ವೈನಿ ಕಾಶವ್ವ, ವಳಸಂಗದಲ್ಲಿದ್ದಾಳೆ. ಅಂದು ಭಾವುಜಿಯ ಬೆನ್ನನ್ನೇ ನೋಡುತ್ತಾ ಕೇರುತ್ತಿದ್ದೆ, ಬೈಯಬೇಕೆಂದು ಮಾತು ಹುಡುಕುತ್ತಿದ್ದೆ, ಅವರು ಬಾಗಿಲು ಬಿಟ್ಟು ಒಂದು ಹೆಜ್ಜೆ ಅಲುಗಲಿಲ್ಲ ಎಂದು ಯಾವ ದೇವರ ಮುಂದೆ ಕೇಳಿದರೂ ಹೇಳುತ್ತಾಳೆ. ನನ್ನ ತಂಗಿ ನೀಲವ್ವ, ಕಂದಲಗಾಂವದಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಮಣಿಕಟ್ಟಿನ ಕಲೆ ಹೋಗಿಲ್ಲ. ಕಟ್ಟಿದ ಅಣ್ಣನೇ ಬಂದು ಹಲ್ಲಿನಿಂದ ಕಚ್ಚಿ ಬಿಚ್ಚಿದ ಎಂದು ಕೇಳಿದವರಿಗೆಲ್ಲ ಅಭಿಮಾನದಿಂದ ಹೇಳುತ್ತಾಳೆ. ಇಬ್ಬರೂ ಸುಳ್ಳು ಹೇಳುವವರಲ್ಲ.